ಎರಡು ಮನೆಯ ಒಂದು ಬೀಸುಕಲ್ಲು

ನಾನು ನಿವೃತ್ತನಾದ ದಿನ ಬಂದ ಉಡುಗೊರೆಗಳಲ್ಲಿ ಗೋಡೆ ಗಡಿಯಾರಗಳೇ ಹೆಚ್ಚು. ಇನ್ನು ಮುಂದೆ ಯಾವ ಹೊತ್ತಿಗೂ ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಹಾರ ಹಾಕಿ ಬೀಳ್ಕೊಟ್ಟವರೇ ಹೊತ್ತು ತೋರಿಸುವ ಯಂತ್ರವನ್ನು ಕೈಗಿಟ್ಟು ಕಳಿಸಿದ್ದರು. ಗದಗ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಆಯುಷ್ಯದ ದೊಡ್ಡ ಪಾಲು ಕಳೆದವನು ನಾನು. ಹತ್ತಿಯ ಅಂಡಿಗೆ, ಮೆಣಸಿನಕಾಯಿ ಚೀಲ, ಮೋಟರ್ ಸೈಕಲ್ಲು, ಒಮ್ಮೆ ಒಬ್ಬ ಪೈಲ್ವಾನರ ಗದೆ, ಎಲ್ಲವನ್ನೂ ತೂಗಿ, ಚೀಟಿ ಅಂಟಿಸಿ ಊರೂರಿಗೆ ಕಳಿಸಿದ್ದೇನೆ. ಮುಟ್ಟಿತೋ ಇಲ್ಲವೋ ಎಂದು ವಿಚಾರಿಸಲು ಬಂದವರಿಗೆ "ಮುಟ್ಟತೈತ್ರಿ, ಎಲ್ಲಿ ಹೋಗತೈತಿ" ಎಂದು ಧೈರ್ಯ ಹೇಳಿದ್ದೇನೆ. ಅಂಥವನು ಮುಂಡರಗಿಯಿಂದ ಬೆಟಗೇರಿಗೆ ಒಂದು ಕಲ್ಲು ತರಲು ಪಟ್ಟ ಪಾಡನ್ನು ಈಗ ಹೇಳಬೇಕಾಗಿದೆ.

ಮೊದಲು ಗಡಿಯಾರಗಳ ವಿಷಯ ಮುಗಿಸುತ್ತೇನೆ. ಅವುಗಳನ್ನೆಲ್ಲ ನಾನು ಮನೆಯ ಹಾಲ್‌ನ ಗೋಡೆಗೆ ಸಾಲಾಗಿ ತೂಗುಹಾಕಿದೆ. ಯಾರ ಮನಸ್ಸಿಗೂ ನೋವಾಗಬಾರದಲ್ಲ. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಒಂದ ಗೋಡಿಗೆ ಎಷ್ಟ ಹೊತ್ತು ತೋರಸ್ತೀರಿ? ಇವೆಲ್ಲಾ ಕೂಡಿದರೂ ನಿಮ್ಮನ್ನ ಹಾಸಿಗಿಯಿಂದ ಏಳಸಾಕ ಆಗವಲ್ದು."

ಒಂದನ್ನು ಬಿಟ್ಟು ಉಳಿದವು ಅಟ್ಟ ಸೇರಿದವು. ಆ ಗೋಡೆ ಅವಳ ಕೈಗೆ ಹೋಯಿತು. ಮೊಬೈಲಿನಲ್ಲಿ ಹಳೆಯ ಸಾಮಾನುಗಳಿಂದ ಮನೆ ಅಲಂಕರಿಸುವ ವಿಡಿಯೋ ನೋಡುವ ಚಟ ಅವಳಿಗೆ ಹತ್ತಿ ಆಗಲೇ ಕೆಲವು ತಿಂಗಳಾಗಿತ್ತು. ನಾನು ಮನೆಯಲ್ಲಿ ಕುಳಿತದ್ದೇ ತಡ, ಅದಕ್ಕೆ ಒಬ್ಬ ಆಳು ಸಿಕ್ಕಂತಾಯಿತು. ಲಕ್ಷ್ಮೇಶ್ವರದ ತವರಿನಿಂದ ಹಿತ್ತಾಳೆಯ ಹಂಡೆ ಬಂತು. ಅದಕ್ಕೆ ಪ್ಲಾಸ್ಟಿಕ್ ಸೂರ್ಯಕಾಂತಿ ತುಂಬಿ ಟಿ.ವಿ. ಪಕ್ಕಕ್ಕೆ ಇಟ್ಟದ್ದಾಯಿತು. ಕಂದೀಲಿನೊಳಗೆ ಬಲ್ಬು ಕೂಡಿಸಿ ಮೂಲೆಯಲ್ಲಿ ತೂಗುಬಿಟ್ಟದ್ದಾಯಿತು. ಏಣಿ ಹತ್ತುವವನು ನಾನು, ಕೆಳಗೆ ನಿಂತು "ಸ್ವಲ್ಪ ಎಡಕ್ಕ, ಅಲ್ಲಲ್ಲ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕ" ಎನ್ನುವವಳು ಅವಳು. ನೌಕರಿಯಲ್ಲಿದ್ದಾಗಲೂ ನನ್ನ ಮೇಲೆ ಸಾಹೇಬರು ಇದ್ದರು. ಆದರೆ ಅವರಿಗೆ ಆಗಾಗ ವರ್ಗವಾಗುತ್ತಿತ್ತು.

ಇದನ್ನೆಲ್ಲ ನಮ್ಮವ್ವ ಹಾಲ್‌ನ ಬದಿಯ ಮಂಚದ ಮೇಲೆ ಕುಳಿತು ನೋಡುತ್ತಿದ್ದಳು. ಎಂಬತ್ತು ದಾಟಿದ್ದಾಳೆ. ಕಣ್ಣು ಚುರುಕು, ಕಿವಿ ಅವಳಿಗೆ ಬೇಕಾದಾಗ ಚುರುಕು. ಕಂದೀಲಿಗೆ ಬಲ್ಬು ಹತ್ತಿದ ಸಂಜೆ ಅಂದಳು: "ಹಳೇ ಸಾಮಾನಿಗೆಲ್ಲಾ ಲೈಟ್ ಬಂತು. ನಾನೂ ಹಳೇ ಸಾಮಾನ ಅಲ್ಲೇನು? ನನಗೂ ಒಂದು ಹಾಕ್ರಿ."

ಸೊಸೆ ನಕ್ಕು, "ನಿಮಗ ಬ್ಯಾಡ್ರಿ ಅತ್ತಿ, ಲೈಟ್ ಇಲ್ಲದಿದ್ದರೂ ನೀವು ಸುಡ್ತೀರಿ" ಅಂದಳು. ಅವರಿಬ್ಬರ ನಡುವೆ ಇಂಥ ಮಾತು ನಡೆಯುತ್ತಲೇ ಇರುತ್ತದೆ. ನಾನು ನಡುವೆ ಬಾಯಿ ಹಾಕುವುದಿಲ್ಲ.

ಹಿತ್ತಲಿನ ತುಳಸಿ ಕುಂಡದ ಬುಡದಲ್ಲಿದ್ದ ಬೀಸುಕಲ್ಲಿನ ಮೇಲೆ ಹೆಂಡತಿಯ ಕಣ್ಣು ಬಿದ್ದದ್ದು ಅದಾದ ಮೇಲೆ. ಬೀಸುಕಲ್ಲೆಂದರೆ ಪೂರ್ತಿ ಅಲ್ಲ, ಅರ್ಧ. ಕೆಳಗಿನ ಕಲ್ಲು ಮಾತ್ರ. ವಿಡಿಯೋದಲ್ಲಿ ಯಾರೋ ಬೀಸುಕಲ್ಲನ್ನು ಸ್ಟೂಲಿನ ಮೇಲಿಟ್ಟು ಪಕ್ಕದಲ್ಲಿ ಮನಿಪ್ಲಾಂಟ್ ಬೆಳೆಸಿದ್ದರಂತೆ. ನಾನು ಅದನ್ನು ಉರುಳಿಸಿಕೊಂಡು ಬಂದು, ತೆಂಗಿನ ನಾರಿನಿಂದ ತಿಕ್ಕಿ, ಟೊಂಕ ಹಿಡಿದುಕೊಂಡೇ ಸ್ಟೂಲಿನ ಮೇಲೆ ಏರಿಸಿದೆ. ಕಂದೀಲಿನ ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಮರುದಿನ ಚಹಾಕ್ಕೆ ಬಂದ ನೆರೆಮನೆಯ ನಿವೃತ್ತ ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ಯಾವ ಬಾವಿ ಮುಚ್ಚಳ್ರಿ?"

ಹೆಂಡತಿಯ ಮುಖ ಇಳಿಯಿತು. ಅವ್ವ ಮಂಚದಿಂದ ಕೋಲೂರಿಕೊಂಡು ಎದ್ದು ಬಂದಳು. "ಅರ್ಧ ಕಲ್ಲಿಗೆ ಬಾವಿ ಮುಚ್ಚಳ ಅನ್ನದ ಮತ್ತೇನಂದಾರು. ಮದಿವಿ ಹಂದರದಾಗ ಗಂಡನ್ನ ಒಬ್ಬನ್ನ ಕುಂಡ್ರಿಸಿದಂಗ ಕುಂಡ್ರಿಸೀರಿ. ಹೆಣ್ಣೆಲ್ಲಿ?"

ಹೆಣ್ಣು ಮುಂಡರಗಿಯಲ್ಲಿತ್ತು.

ನಮ್ಮದು ಮೂಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ. ಚಳಿಗಾಲಕ್ಕೆ ದೂರದ ಹಕ್ಕಿಗಳು ಬಂದು ಕೆರೆ ತುಂಬ ಕುಳಿತು, ಹೊಲದ ಕಾಳು ತಿಂದು, ಬಿಸಿಲೇರಿದಂತೆ ಹೇಳದೆ ಕೇಳದೆ ಹೋಗುತ್ತವಲ್ಲ, ಆ ಮಾಗಡಿ. ನಮ್ಮಪ್ಪ, ನಮ್ಮ ಕಾಕಾ ಇಬ್ಬರೇ ಅಣ್ಣತಮ್ಮಂದಿರು. ಮನೆ, ಹೊಲ ಎಲ್ಲ ಕೂಡಿತ್ತು. ಅವ್ವ ಹಿರಿಯ ಸೊಸೆ, ಚಿಗವ್ವ ಕಿರಿಯ ಸೊಸೆ. ಪಡಸಾಲೆಯಲ್ಲಿದ್ದ ಬೀಸುಕಲ್ಲು ಸಾಮಾನ್ಯದ್ದಲ್ಲ. ಒಬ್ಬರ ಕೈಗೆ ತಿರುಗುತ್ತಿರಲಿಲ್ಲ. ನೆಗೆಣ್ಣಿಯರಿಬ್ಬರೂ ಎದುರುಬದುರು ಕಾಲು ಚಾಚಿ ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ, ಒಬ್ಬಾಕೆ ಎಳೆದಾಗ ಇನ್ನೊಬ್ಬಾಕೆ ನೂಕಬೇಕು. ಕೋಳಿ ಕೂಗುವಾಗ ಕುಳಿತರೆ ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಮನೆಮಂದಿಯ ರೊಟ್ಟಿಗೆ ಸಾಕಾಗುವಷ್ಟು ಹಿಟ್ಟು. ಅತ್ತೆಯ ಮೇಲಿನ ಸಿಟ್ಟನ್ನೂ ಜೋಳದ ಸಂಗಡ ಕಲ್ಲಿನ ಬಾಯಿಗೆ ಹಾಕುತ್ತಿದ್ದರಂತೆ. "ಅದಕ್ಕ ಹಿಟ್ಟು ಅಷ್ಟು ಸಣ್ಣಗ ಬರತಿತ್ತು" ಎಂದು ಅವ್ವ ಈಗಲೂ ಹೇಳುತ್ತಾಳೆ.

ಮುಂದೆ ಮನೆ ಹಿಸೆಯಾಯಿತು. ಊರ ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು. ಹೊಲಕ್ಕೆ ಜಗಳವಾಗಲಿಲ್ಲ. ಎತ್ತು ಎರಡಿದ್ದವು, ಒಂದೊಂದು. ಹಂಡೆ ಎರಡು, ಒಂದೊಂದು. ಕೊನೆಗೆ ಉಳಿದದ್ದು ಬೀಸುಕಲ್ಲು. ಹಿರೇ ಸೊಸಿ ನಾನು, ಕಲ್ಲು ನಂದು ಅಂದಳು ಅವ್ವ. ಅದರ ಮುಂದ ಹೆಚ್ಚು ಕುಂತಾಕಿ ನಾನು ಅಂದಳು ಚಿಗವ್ವ. ಮಾತು ಬೆಳೆಯುತ್ತ ಹೋಯಿತು. ಊಟದ ಹೊತ್ತು ಮೀರಿತ್ತು. ಹಿರಿಯರಲ್ಲಿ ಒಬ್ಬರು, ಹಸಿದವರು, ರುಮಾಲು ಸರಿಮಾಡಿಕೊಳ್ಳುತ್ತ, "ಎರಡ ಕಲ್ಲ ಅದಾವಲ್ರೆವಾ, ಒಂದೊಂದು ಎತ್ತಿಕೊಂಡು ಹೋಗ್ರಿ" ಎಂದು ಚೇಷ್ಟೆ ಮಾಡಿದರು. ಉಳಿದವರು ನಗಲು ಬಾಯಿ ತೆರೆಯುವುದರೊಳಗೆ ಚಿಗವ್ವ ಮೇಲಿನ ಕಲ್ಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವ್ವ ಕೆಳಗಿನದರ ಮೇಲೆ ಕುಳಿತುಬಿಟ್ಟಿದ್ದಳು. ಪಂಚರ ಬಾಯಿಂದ ಬಿದ್ದ ಮಾತು ಬಿದ್ದಂತೆಯೇ. ನಾವು ಚೇಷ್ಟೆ ಮಾಡಿದೆವು ಎಂದು ಹಿರಿಯರು ಒಪ್ಪಿಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ.

ಅಪ್ಪ ಗದಗಿನ ಅರಳೆ ವ್ಯಾಪಾರಕ್ಕೆ ಸೇರಿ ಬೆಟಗೇರಿಯಲ್ಲಿ ಮನೆ ಮಾಡಿದ. ಕಾಕಾ ಮುಂಡರಗಿಗೆ ಹೋಗಿ ಬೀಜ ಗೊಬ್ಬರದ ಅಂಗಡಿ ಇಟ್ಟ. ಕಲ್ಲುಗಳೂ ಹೋದವು. ಮದುವೆಗೆ ಮುಂಚೆ ಬೀಸುಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಪೂಜೆ ಮಾಡಬೇಕಲ್ಲ. ನನ್ನ ಮದುವೆಯಲ್ಲಿ ಕೆಳಗಿನ ಕಲ್ಲಿಗೆ ಪೂಜೆಯಾಯಿತು, ಕಾಕಾನ ಮಗನ ಮದುವೆಯಲ್ಲಿ ಮೇಲಿನ ಕಲ್ಲಿಗೆ. ನೆಗೆಣ್ಣಿಯರು ಒಬ್ಬರ ಮನೆಗೆ ಒಬ್ಬರು ಹೋಗಿಬಂದು ಮಾಡುತ್ತಲೇ ಇದ್ದರು. ಉಡಿ ತುಂಬಿಸಿಕೊಳ್ಳುತ್ತಿದ್ದರು, ನಗುತ್ತಿದ್ದರು, ಅಪ್ಪ, ಕಾಕಾ ತೀರಿದಾಗ ಕೂಡಿ ಅತ್ತರು. ಕಲ್ಲಿನ ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಮಾಸ್ತರರು ಹೋದ ಮೇಲೆ ಅವ್ವ ನನ್ನನ್ನು ಮಂಚದ ಹತ್ತಿರ ಕರೆದಳು.

"ಏ ತಮ್ಮಾ, ನಿನ್ನ ಹೇಣ್ತಿ ಚಂದ ಕಾಣಲಿ ಅಂತ ಇಟ್ಟಾಳ, ಇಡಲಿ. ನಾ ಕೇಳೂದು ಬ್ಯಾರೆ. ನನ್ನ ಕೈ ಆಡೂತನಕ ಈ ಕಲ್ಲಿನ ಮ್ಯಾಲ ಆ ಕಲ್ಲು ಕುಂಡ್ರಬೇಕು. ಒಂದ ಸಲ ಅದರಾಗ ಜ್ವಾಳಾ ಬೀಸಬೇಕು ನಾ. ಆಮ್ಯಾಲ ನೀವು ಅದರ ಮ್ಯಾಲ ಹೂವರ ಇಡ್ರಿ, ನನ್ನ ಫೋಟೋನರ ಇಡ್ರಿ."

ಅವ್ವ ಏನನ್ನೂ ಬೇಡಿದವಳಲ್ಲ. ಸೀರೆ ತಂದರೆ ಇದ್ದವಲ್ಲ ಅನ್ನುವವಳು. ಹೆಂಡತಿ ನನ್ನ ಕಡೆ ನೋಡಿದಳು, ನಾನು ಗಡಿಯಾರದ ಕಡೆ ನೋಡಿದೆ. ಮರುದಿನ ಮುಂಡರಗಿ ಬಸ್ಸು ಹತ್ತಿದೆ.

ಹೊರಡುವಾಗ ಹೆಂಡತಿ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, "ಉಂಡು ಕೈ ತೊಳಕೊಳ್ಳೂತನಕ ಕಲ್ಲಿನ ಮಾತು ತಗೀಬ್ಯಾಡ್ರಿ" ಅಂದಳು. ಅವ್ವ, "ಬೇಡಾಕ ಬಂದೀನಿ ಅನಬ್ಯಾಡ, ಕೂಡಸಾಕ ಬಂದೀನಿ ಅನ್ನು" ಅಂದಳು. ಡಂಬಳ ದಾಟುವತನಕ ಎರಡನ್ನೂ ಬಾಯಿಪಾಠ ಮಾಡಿಕೊಂಡೆ.

ಚಿಗವ್ವ ಕಟ್ಟೆಯ ಮೇಲೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ನನ್ನನ್ನು ಕಂಡದ್ದೇ, "ಬಾರಲೇ ತಮ್ಮಾ. ಏನ ಪಾರ್ಸಲ್ ತಂದಿ?" ಅಂದಳು. ಡಬ್ಬಿ ತೆಗೆದು ಒಂದು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಅಕ್ಕನ ಕೈದು ಅಲ್ಲ, ಸೊಸಿ ಕೈದು. ಬೆಲ್ಲ ಧಾರಾಳ ಐತಿ. ನಿಮ್ಮವ್ವನ ಕೈ ಮೊದಲಿಂದನೂ ಬಿಗಿ."

ಊಟವಾಯಿತು, ಕೈ ತೊಳೆದೆ. ಕೂಡಿಸಲು ಬಂದಿದ್ದೇನೆ ಎಂದೆ.

ಏನನ್ನು ಎಂದು ಅವಳು ಕೇಳಲಿಲ್ಲ. ಮಗನಿಗೆ, "ಅಣ್ಣಗ ಕಲ್ಲು ತೋರಸು" ಅಂದಳು. ಅವಳ ಮಗ, ನನಗೆ ತಮ್ಮ, ನನ್ನನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋದ. ನೀರಿನ ಟಾಕಿಯ ಮುಚ್ಚಳದ ಮೇಲೆ ನಮ್ಮ ಮನೆತನದ ಮೇಲಿನ ಕಲ್ಲು ಕುಳಿತಿತ್ತು.

"ಮಂಗ್ಯಾಗಳು ಮುಚ್ಚಳ ತಗದು ಒಳಗ ಇಳಿದು ಈಜ ಹೊಡೀತಿದ್ವು ಅಣ್ಣಾ. ಇದನ್ನ ಇಟ್ಟ ಮ್ಯಾಲ ಬಂದ್ ಆತು. ನೀ ಒಯ್ದರ ನಾ ಸಿಮೆಂಟ್ ಇಟ್ಟಂಗಿ ಇಡ್ತೀನಿ, ನಂದೇನಿಲ್ಲ. ಆದರ ಅವ್ವಂದ ನೀ ನೋಡು."

ಅವನ ಅವ್ವನದನ್ನು ಕೆಳಗೆ ಬಂದು ನೋಡಿದೆ. ಚಿಗವ್ವ ಬಳ್ಳೊಳ್ಳಿಯಿಂದ ಕಣ್ಣೆತ್ತದೆ ಹೇಳಿದಳು: "ನಿಮ್ಮವ್ವನ ಕಡೆ ಇರೂದೇನು? ತಳಾ. ಕಾಳ ಹಾಕೂ ಬಾಯಿ ಇರೂದು ನನ್ನ ಕಲ್ಲಿಗೆ. ತಳಾ ಬಾಯಿ ಇದ್ದಲ್ಲಿಗೆ ಬರಬೇಕೋ, ಬಾಯಿ ತಳಾ ಇದ್ದಲ್ಲಿಗೆ ಹೋಗಬೇಕೋ? ರೇಲ್ವೇದಾಗ ಇದ್ದವ, ನೀನ ಹೇಳು."

ಪಾರ್ಸಲ್ ಆಫೀಸಿನ ಯಾವ ನಿಯಮದಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಖಾಲಿ ಡಬ್ಬಿಯಲ್ಲಿ ಅವಳು ತುಂಬಿಕೊಟ್ಟ ಗುರೆಳ್ಳಿನ ಚಟ್ನಿ ಹಿಂಡಿ ಹಿಡಿದುಕೊಂಡು ಸಂಜೆಯ ಬಸ್ಸಿಗೆ ಮರಳಿದೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈ ನೋಡಿದಳು, ಕಲ್ಲು ಬಂದಿಲ್ಲವೆಂದು ಕೇಳದೆಯೇ ತಿಳಿಯಿತು. "ಎಲ್ಲಿಟ್ಟಾಳ?" ಎಂದಷ್ಟೇ ಕೇಳಿದಳು.

"ಮಾಳಗಿ ಮ್ಯಾಲ."

"ಮಾಳಗಿ ಮ್ಯಾಲ ಎಲ್ಲಿ?"

ಹೇಳಲೇಬೇಕಾಯಿತು.

"ಅನ್ನ ಹಾಕಿದ ಕಲ್ಲಿಗೆ ಮಂಗ್ಯಾ ಕಾಯೂ ಕೆಲಸ ಹಚ್ಯಾಳ" ಎಂದು ಮಂಚದ ಮೇಲೆ ಕುಳಿತಳು. ನಾನು ಚಹಾ ಕುಡಿದು ಮುಗಿಸುವವರೆಗೂ ಗೋಡೆಯ ಕಡೆ ಮುಖ ಮಾಡಿದ್ದಳು. ಆಮೇಲೆ ಗೋಡೆಗೇ ಕೇಳಿದಂತೆ ಕೇಳಿದಳು: "ಆಕಿ ಮಣಕಾಲು ಹ್ಯಾಂಗದಾವ?"

"ಕುಂತರ ಏಳಾಕ ತ್ರಾಸ ಅಂತ."

"ಎಡಗಾಲ ಮಡಚಿ ಕುಂಡ್ರತಿದ್ಲು. ಚಾಚಿ ಕುಂಡ್ರ ತಂಗಿ ಅಂತ ಎಷ್ಟ ಬಡಕೊಂಡೆ." ನನ್ನ ಕಡೆ ಕೈ ಚಾಚಿದಳು. "ಫೋನ್ ಹಚ್ಚಿ ಕೊಡು."

ಹಚ್ಚಿಕೊಟ್ಟೆ. ನಮ್ಮವ್ವನ ದನಿಗೆ ಫೋನು ಒಂದು ನೆಪ ಮಾತ್ರ. ಗಾಳಿ ಈ ಕಡೆಯಿಂದ ಬೀಸಿದ್ದರೆ ಮುಂಡರಗಿಗೆ ಹಾಗೆಯೇ ಕೇಳುತ್ತಿತ್ತು. ಆ ಕಡೆಯ ದನಿಯೂ ಕಡಿಮೆಯಿರಲಿಲ್ಲ. ಹಾಗಾಗಿ ಎರಡೂ ಕಡೆಯ ಮಾತು ಇಡೀ ಮನೆಗೆ ಸಿಕ್ಕಿತು.

"ಏನ ತಂಗಿ, ಕಲ್ಲು ಟಾಕಿ ಮ್ಯಾಲ ಇಟ್ಟೀಯಂತಲ್ಲ."

"ನೀ ಏನ ದೇವರ ಜಗಲಿ ಮ್ಯಾಲ ಇಟ್ಟಿದ್ದ್ಯಾ ಅಕ್ಕಾ? ತುಳಸಿ ಬುಡಕ ಮಣ್ಣಾಗ ಒಗದಿದ್ದಿ. ದೀವಳಿಗಿಗೆ ಬಂದಾಗ ನೋಡೀನಿ."

"ತುಳಸಿ ದೇವರಲ್ಲೇನು?"

"ಟಾಕಿ ಒಳಗ ಇರಾಕಿನೂ ಗಂಗವ್ವನ."

ಅವ್ವ ಸೋತಳು, ಆದರೆ ಒಪ್ಪಲಿಲ್ಲ. ದಾರಿ ಬದಲಿಸಿದಳು. "ಹೊಸ ಜ್ವಾಳಾ ಬಂದೈತಿ ಇಲ್ಲೆ. ಬಿಳೀದು, ಮುತ್ತಿನಂಗ. ಗಿರಣಿಗೆ ಹಾಕಿಸಿದರ ರೊಟ್ಟಿ ಬಡಿಯೂದರಾಗ ಹರೀತಾವ."

"ಗಿರಣ್ಯಾಗ ಹಿಟ್ಟು ಕಾಯ್ತೈತಿ, ಜಿಗಿ ಹೊಕ್ಕೈತಿ" ಎಂದಳು ಚಿಗವ್ವ.

"ಅದನ್ನ ಅಂದೆ ನಾನೂ."

"ಕಲ್ಲು ಕಳಸಂಗಿಲ್ಲ ನಾ."

"ಕಳಸು ಅಂದ್ನೇನು?"

"ಅದರ ಜೋಡಿ ನಾನ ಬರ್ತೀನಿ. ಬೀಸೂದಾಗೂತನಕ ಇದ್ದು, ನಂದು ನಾ ತಗೊಂಡು ಹೊಳ್ಳಿ ಬರ್ತೀನಿ."

ಅವ್ವ ಫೋನನ್ನು ಬಚ್ಚಲಿನಿಂದ ತೆಗೆದ ತಂಬಿಗೆಯಂತೆ ದೂರ ಹಿಡಿದು ನನಗೆ ಕೊಟ್ಟು, ಸೊಸೆಗೆ ಹೇಳಿದಳು: "ಆಕಿಗೆ ಮೆತ್ತನ್ನ ಅನ್ನ ಬೇಕು. ಬದನಿಕಾಯಿ ಆಗಿ ಬರಂಗಿಲ್ಲ."

ಚಿಗವ್ವ ಮಗನ ಅಂಗಡಿಯ ಗೂಡ್ಸ್ ಆಟೋದಲ್ಲಿ ಬಂದಳು. ಕಲ್ಲನ್ನು ಕೌದಿಯಲ್ಲಿ ಸುತ್ತಿ, ಹಡೆದವ್ವ ಕೂಸನ್ನು ಮಗ್ಗುಲಲ್ಲಿಟ್ಟುಕೊಂಡಂತೆ ಕಾಲ ಬಳಿ ಇಟ್ಟುಕೊಂಡು ಮುಂದೆ ಕುಳಿತಿದ್ದಳು. ಹಿಂದೆ ಹಾಸಿಗೆಯ ಗಂಟು, ಗುಳಿಗೆಯ ಡಬ್ಬಿ, ಬಿಸಿನೀರಿನ ಚೀಲ, ಸೀರೆಗಳ ಟ್ರಂಕು, ಅವಳದೇ ರೊಟ್ಟಿಯ ಹಂಚು. ಸಾಮಾನು ನೋಡಿ ಪ್ರಯಾಣದ ದೂರ ಹೇಳುವ ಅಭ್ಯಾಸ ನನ್ನದು. ಇದು ಒಂದು ಸಲ ಬೀಸಿ ಹೋಗುವವರ ಸಾಮಾನು ಅಲ್ಲ ಎಂದು ಆಗಲೇ ತಿಳಿಯಿತು. ತಮ್ಮನ ಮುಖ ನೋಡಿದೆ. ಅವನು ಆಕಾಶ ನೋಡಿದ.

ಹೆಂಡತಿ ಮೂಲೆಯನ್ನು ಸಜ್ಜು ಮಾಡಿದ್ದಳು. ಸ್ಟೂಲಿಗೆ ಹೊಸ ಬಟ್ಟೆ, ಪಕ್ಕಕ್ಕೆ ಮನಿಪ್ಲಾಂಟ್, ಕಂದೀಲು ಹತ್ತಿಸಿಯೇ ಇತ್ತು. ಇಬ್ಬರು ಮುದುಕಿಯರೂ ಅದರ ಮುಂದೆ ನಿಂತರು.

"ಅಲ್ಲ ಅಕ್ಕಾ, ಕಲ್ಲು ಸ್ಟೂಲಿನ ಮ್ಯಾಲ ಕುಂತರ ಬೀಸಾಕಿ ಎಲ್ಲಿ ಕುಂಡ್ರಬೇಕು, ಕಪಾಟಿನ ಮ್ಯಾಲೇನು?"

"ಅವರ ಮೊಬೈಲಿನ್ಯಾಗ ಹಂಗ ಐತಂತ ತಂಗಿ."

"ಮೊಬೈಲ್ ರೊಟ್ಟಿ ತಿಂತೈತೇನು?"

ಪಾಪ, ಹೆಂಡತಿ ತಾನೇ ಸ್ಟೂಲು ತೆಗೆದಳು. ಸೋಫಾವನ್ನು ಗೋಡೆಗೆ ಒತ್ತಿದೆವು. ಗೋಣಿತಟ್ಟು ಹಾಸಿದೆವು. ಕೆಳಗಿನ ಕಲ್ಲಿನ ನಡುಗೂಟ ತುಳಸಿಯ ನೀರಿಗೆ ಕೊಳೆತು ಹೋಗಿತ್ತು, ಬಡಿಗೇರನ ಕಡೆ ಹೋಗಿ ಹೊಸದು ಮಾಡಿಸಿ ತಂದೆ. ಕಲ್ಲಿನ ಮೈ ಸವೆದು ನುಣುಪಾಗಿತ್ತು. ಅದಕ್ಕೆ ಉಳಿಯಿಂದ ಕುಟ್ಟಿ ಮುಳ್ಳು ಹೊಡೆಸಬೇಕು, ಇಲ್ಲದಿದ್ದರೆ ಕಾಳು ಒಡೆಯುವುದಿಲ್ಲ. ಆ ಕೆಲಸಕ್ಕೆ ಓಣಿಯಲ್ಲಿ ಕೂಗುತ್ತ ಬರುವವರು ಈಗಿಲ್ಲ. ಹೆಂಡತಿಯ ಅಣ್ಣ ಲಕ್ಷ್ಮೇಶ್ವರದಿಂದ ಒಬ್ಬನನ್ನು ಹುಡುಕಿ ಕಳಿಸುವವರೆಗೆ 'ಬೀಸೂದಾಗೂತನಕ' ಬಂದ ಚಿಗವ್ವ ಬೀಸದೆಯೇ ಇದ್ದಳು. ಇಬ್ಬರೂ ಒಂದೇ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತು, ಸತ್ತವರೆಲ್ಲರ ತಪ್ಪುಗಳನ್ನು ಒಂದೊಂದಾಗಿ ಎತ್ತಿ ಸೋಸುತ್ತಿದ್ದರು.

ಮುಳ್ಳು ಹೊಡೆದ ದಿನ ಕಲ್ಲಿನ ಪುಡಿಗೆ ಸೋಫಾದ ಬಣ್ಣ ಗುರುತು ಸಿಗದಂತಾಯಿತು. ಅದೇ ಸಂಜೆ ಅರಿಷಿಣ ಕುಂಕುಮ ಹಚ್ಚಿ, ತಮ್ಮನನ್ನು ಮತ್ತೆ ಕರೆಸಿ, ನಾವಿಬ್ಬರೂ ಸೇರಿ ಮೇಲಿನ ಕಲ್ಲನ್ನು ಕೆಳಗಿನದರ ಮೇಲೆ ಇಳಿಸಿದೆವು. ಕೂತಿತು. ಆಮೇಲೆ ಇಬ್ಬರು ಮುದುಕಿಯರನ್ನು ನೆಲಕ್ಕೆ ಇಳಿಸಬೇಕಾಯಿತು. ಅದು ಕಲ್ಲಿಗಿಂತ ಕಠಿಣವಿತ್ತು. ಕಲ್ಲು ನಡುವೆ "ಮೆಲ್ಲಕ, ಅಲ್ಲಿ ಹಿಡೀಬ್ಯಾಡ" ಅನ್ನುವುದಿಲ್ಲ.

ಅವ್ವ ಬೊಗಸೆ ಜೋಳವನ್ನು ಕಲ್ಲಿನ ಬಾಯಿಗೆ ಹಾಕಿದಳು. ಇಬ್ಬರೂ ಗೂಟ ಹಿಡಿದರು. ಕಲ್ಲು ಅಲುಗಾಡಲಿಲ್ಲ.

"ಎಳೀಬ್ಯಾಡ, ನೂಕ ನೀ" ಅಂದಳು ಅವ್ವ.

"ಮೊದಲ ಎಳಿಯಾಕಿ ನಾನಲ್ಲೇನ? ನೂಕಾಕಿ ನೀನು."

"ಯಾವಾಗ? ಹಿರೇರು ಮೊದಲ ಎಳೀಬೇಕು ಅಂತ ಅತ್ತಿ ಹೇಳಿದ್ಲು."

"ಅತ್ತಿ ಹೇಳಿದ್ದು ಯಾವಾಗ ಕೇಳೀ ನೀ?"

ತಮ್ಮ ನನ್ನ ಕಿವಿಯಲ್ಲಿ, "ಅಣ್ಣಾ, ಪಂಚರನ್ನ ಕರಸೂದೇನು?" ಅಂದ. ಅಷ್ಟರಲ್ಲಿ, ಯಾರು ಎಳೆದರೋ ಯಾರು ನೂಕಿದರೋ, ಕಲ್ಲು ತಿರುಗಿತು. ಮೊದಲು ಕರ್ರೆಂದಿತು, ಆಮೇಲೆ ಗುರ್ರೆಂದಿತು, ಆಮೇಲೆ ಒಂದೇ ಸಮನಾದ ಗುಂಯ್ ಎನ್ನುವ ಸದ್ದು ಹಿಡಿಯಿತು. ನಾನು ತೊಟ್ಟಿಲಲ್ಲಿದ್ದಾಗ ಕೇಳಿದ್ದ ಸದ್ದು ಇರಬೇಕು ಅದು. ಕೇಳಿದ ನೆನಪಿಲ್ಲದಿದ್ದರೂ ಕಣ್ಣು ತಾನಾಗಿ ಎಳೆಯತೊಡಗಿತು. ಚಿಗವ್ವ ಎಡಗಾಲು ಮಡಚಿದ್ದಳು. ಅವ್ವ ಬೀಸುತ್ತಲೇ ಇನ್ನೊಂದು ಕೈಯಿಂದ ಆ ಮೊಣಕಾಲಿಗೆ ಒಂದು ಏಟು ಕೊಟ್ಟಳು, ಕಾಲು ಚಾಚಿಕೊಂಡಿತು. ಕಲ್ಲಿನ ಸುತ್ತ ಬಿಳಿಯ ಹಿಟ್ಟು ಬೀಳತೊಡಗಿತು. ವಿಡಿಯೋ ಮಾಡಲು ಮೊಬೈಲು ಎತ್ತಿ ನಿಂತಿದ್ದ ಹೆಂಡತಿ ಗುಂಡಿ ಒತ್ತುವುದನ್ನೇ ಮರೆತಿದ್ದಳೆಂದು ನಮಗೆ ಆಮೇಲೆ ತಿಳಿಯಿತು.

ಅಂದಿನ ರೊಟ್ಟಿಯಲ್ಲಿ ಕಲ್ಲಿನ ಪಾಲೂ ಇತ್ತು. ಎಲ್ಲರ ಹಲ್ಲಿನ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಕೊನೆಗೆ ಚಿಗವ್ವ, "ಒಂಚೂರು ಕರಕರ ಅಂತಾವೇನು?" ಅಂದಳು.

"ಎರಡನೇ ಬೀಸಿಗೆ ಸರಿ ಹೊಕ್ಕೈತಿ" ಅಂದಳು ಅವ್ವ.

ಎರಡನೆಯ ಬೀಸಿಗೆ ಸರಿಹೋಯಿತು. ಆದರೂ ಮೂರನೆಯದಾಯಿತು. ಆಮೇಲೆ ಲೆಕ್ಕ ತಪ್ಪಿತು. ಟಿ.ವಿ., ಕಂದೀಲು, ಪ್ಲಾಸ್ಟಿಕ್ ಸೂರ್ಯಕಾಂತಿ ಎಲ್ಲಕ್ಕೂ ಹಿಟ್ಟಿನ ತೆಳುವಾದ ಪದರ ಕೂತಿತು. ಗಡಿಯಾರದ ಗಾಜು ಮಸುಕಾಗಿ ಹೊತ್ತು ತಿಳಿಯದಾಯಿತು. ಓಣಿಯ ಹೆಂಗಸರು ನೋಡಲು ಬಂದರು, ನೋಡಿಹೋದವರು ಮರುದಿನ ಸೆರಗಿನಲ್ಲಿ ಹೆಸರು, ಕಡಲೆ ಕಟ್ಟಿಕೊಂಡು ಬಂದರು. ಬಾವಿ ಮುಚ್ಚಳವೆಂದ ಮಾಸ್ತರರೇ ಒಂದು ಸೇರು ಗೋಧಿ ತಂದು, "ಸಕ್ಕರಿ ಕಾಯಿಲೆಗೆ ಕಲ್ಲಿನ ಹಿಟ್ಟು ಛಲೋ ಅಂತಾರ್ರಿ" ಎಂದು ಬಾಗಿಲಲ್ಲಿ ನಿಂತರು. ಅವ್ವ ಅವರನ್ನು ಸಾಲಿಗೆ ಹಚ್ಚಿದಳು.

ಹೆಂಡತಿ ಸಂಜೆ ಸೋಫಾ ಜಾಡಿಸುತ್ತ, "ಏನ್ರಿ, ಮನಿ ಚಂದ ಮಾಡಾಕ ಹೋಗಿ ಗಿರಣಿ ಮಾಡಿದ್ವಲ್ರಿ" ಅಂದಳು. ಆದರೆ ಅತ್ತೆಯಂದಿರ ಟೊಂಕಕ್ಕೆ ಆಸರಾಗಿ ಸೋಫಾದ ದಿಂಬು ಕೊಟ್ಟವಳೂ ಅವಳೇ.

ಕೊನೆಗೆ ತಮ್ಮ ಆಟೋ ತಂದ. ಅವನ ಮನೆಯಲ್ಲೂ ಅವ್ವ ಬೇಕಲ್ಲ. ಹಾಸಿಗೆಯ ಗಂಟು ಕಟ್ಟಿದ್ದಾಯಿತು, ಹಂಚು ಒಳಗಿಟ್ಟದ್ದಾಯಿತು. ಚಿಗವ್ವ ಬಂದು ಕಲ್ಲಿನ ಮುಂದೆ ನಿಂತಳು.

"ನಾ ಹೊಕ್ಕೀನಿ ಅಕ್ಕಾ."

"ಹೋಗಿ ಬಾ ತಂಗಿ. ಕಲ್ಲು ಇರಲಿ."

"ಕಲ್ಲು ಹ್ಯಾಂಗ ಇರತೈತಿ? ಮ್ಯಾಲಿಂದು ನಂದು. ಮಾತಾಗೈತಿ."

"ಕೂಡಿದ್ದು ಮತ್ತ ಅಗಲಸ್ತೀಯೇನು?"

"ಕೂಡಿದ್ದು ನನ್ನ ಮನ್ಯಾಗ ಇರಲಿ ಹಂಗಾರ."

ತಮ್ಮ ಗೂಟಕ್ಕೆ ಕೈ ಹಾಕಲು ಬಗ್ಗಿದವನು ಹಾಗೆಯೇ ನಿಂತ. ಚಿಗವ್ವ ತಾನೇ ಬಗ್ಗಿ ಕಲ್ಲಿನ ಅಂಚಿಗೆ ಕೈಯಿಟ್ಟಳು. ಮಾಗಡಿಯ ಪಡಸಾಲೆಯಲ್ಲಿ ಒಂದೇ ಏಟಿಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡವಳು, ಈಗ ಕೈಯಿಟ್ಟಳು ಅಷ್ಟೇ. ಅವ್ವನ ಕೈ ಅದರ ಪಕ್ಕದಲ್ಲೇ ಬಂದು ಕೂತಿತು. ತಡೆಯಲೋ, ಎತ್ತಿಕೊಡಲೋ, ನನಗೆ ತಿಳಿಯಲಿಲ್ಲ. ಹೆಂಡತಿ ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

"ಒಬ್ಬಾಕಿಗೆ ಏಳಂಗಿಲ್ಲ ಇದು ಈಗ" ಅಂದಳು ಅವ್ವ. "ಇಬ್ರಿಗೂ ಏಳಂಗಿಲ್ಲ."

"ಇಲ್ಲ" ಅಂದಳು ಚಿಗವ್ವ.

ಅವ್ವ ಕೈ ತೆಗೆದು, ಸೆರಗಿಗೆ ಹಿಟ್ಟು ಒರೆಸಿಕೊಂಡಳು. "ಏ ತಮ್ಮಾ," ಎಂದು ನನ್ನ ಕಡೆ ತಿರುಗಿದಳು. "ನನ್ನ ತಳಾನೂ ಹೇರು. ನನ್ನ ಗುಳಗಿ, ಎರಡ ಸೀರಿ ಚೀಲದಾಗ ಹಾಕು. ಆಕಿ ಬಾಯಿ ಕಾಯಾಕ ಬಂದಿದ್ಲು, ನಾ ತಳಾ ಕಾಯಾಕ ಹೊಕ್ಕೀನಿ."

ನನ್ನ ಮನೆ ಬಿಟ್ಟು ಒಂದು ರಾತ್ರಿಗಿಂತ ಹೆಚ್ಚು ಎಲ್ಲಿಯೂ ಇರದ ನಮ್ಮವ್ವ, ಚಪ್ಪಲಿ ಎಲ್ಲಿ ಎಂದು ಕೇಳುತ್ತಿದ್ದಳು. ಸೊಸೆ, "ಅತ್ತಿ, ಅಲ್ಲಿ ಮೆತ್ತನ್ನ ಹಾಸಿಗಿ ಐತೋ ಇಲ್ಲೋ" ಎಂದು ಬಾಗಿಲಿಗೆ ಅಡ್ಡ ನಿಂತಳು. "ಕಲ್ಲು ಎಲ್ಲೈತೋ ಅಲ್ಲೆ ನಿದ್ದಿ ಬರತೈತಿ, ಸುಮ್ಕಿರು" ಎಂದು ಅವ್ವ ಅವಳ ಗಲ್ಲ ಹಿಡಿದಳು. ಗಲ್ಲಕ್ಕೂ ಹಿಟ್ಟಾಯಿತು.

ಆಟೋದಲ್ಲಿ ಮುಂದೆ ಯಾರು ಕುಳಿತುಕೊಳ್ಳಬೇಕೆಂದು ಮತ್ತೊಂದು ಮಾತಾಯಿತು. ಕಡೆಗೆ ಕಲ್ಲನ್ನೇ ಮುಂದೆ ಕೂಡಿಸಿ, ಇಬ್ಬರೂ ಹಿಂದೆ ಗೋಣಿತಟ್ಟಿನ ಮೇಲೆ ಎದುರುಬದುರು ಕಾಲು ಚಾಚಿ ಕುಳಿತರು. ತಮ್ಮ ಮುಂದಿನ ಸೀಟಿನಲ್ಲಿ ಕಲ್ಲಿಗೆ ಜಾಗ ಬಿಟ್ಟು ಅಂಚಿಗೆ ಕೂತು ಗಾಡಿ ಹೊಡೆದ. ಓಣಿಯ ತಿರುವಿನತನಕ ಅವರ ಮಾತು ಕೇಳುತ್ತಿತ್ತು.

ಹಾಲ್ ದೊಡ್ಡದಾಗಿ ಕಂಡಿತು. ಹೆಂಡತಿ ಎಲ್ಲವನ್ನೂ ಒರೆಸಿದಳು. ಗಡಿಯಾರದಲ್ಲಿ ಹೊತ್ತು ಕಾಣತೊಡಗಿತು, ಆದರೆ ಅದು ಮುಂದೆ ಸರಿಯುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಇಬ್ಬರೇ. ಗಿರಣಿ ಹಿಟ್ಟಿನ ರೊಟ್ಟಿ ಹರಿಯುತ್ತಿದ್ದವು. ಕೆಲವು ದಿನ ಸುಮ್ಮನಿದ್ದು, ಆಮೇಲೆ ಅವಳು ಆ ಮೂಲೆಗೆಂದು ಗಾಜಿನ ಟೀಪಾಯಿ ತರಿಸಿ, ಅದರ ಮೇಲೆ ಬಣ್ಣದ ಮೀನಿನ ತೊಟ್ಟಿ ಇಟ್ಟಳು. ಚಂದವೇ ಇತ್ತು. ನಾವು ಅದರ ಮುಂದೆ ಕುಳಿತು ಮೀನುಗಳು ಮಾತಾಡಬಹುದೆಂದು ಕಾಯುತ್ತಿದ್ದೆವು.

ಒಂದು ಮುಂಜಾನೆ ಮುಂಡರಗಿಯಿಂದ ಫೋನು ಬಂತು.

"ತಮ್ಮಾ, ಇಲ್ಲಿ ಪಡಸಾಲಿ ಸಣ್ಣದೈತಿ. ಕಾಲ ಚಾಚಾಕ ಆಗವಲ್ದು. ಬರ್ತೀವಿ."

ಹಿಂದಿನಿಂದ ಚಿಗವ್ವನ ದನಿ: "ಕಲ್ಲ ಜೋಡಿ ಬರ್ತೀವಿ ಅಂತ ಹೇಳಕ್ಕಾ. ಆಮ್ಯಾಲ ಅದನ್ನ ಬಿಟ್ಟ ಬಂದೀರಿ ಅಂದಾರು."

"ಇಬ್ರೂ, ಕಲ್ಲೂ" ಎಂದು ಅವ್ವ ಫೋನು ಇಟ್ಟಳು.

ಹೆಂಡತಿಗೆ ನಾನು ಹೇಳಬೇಕಾಗಲಿಲ್ಲ. ಅವಳು ಆಗಲೇ ಎದ್ದು ಮೀನಿನ ತೊಟ್ಟಿಯನ್ನು ಎದೆಗಪ್ಪಿ ಅಡಿಗೆಮನೆಗೆ ಒಯ್ದು ಇಟ್ಟು ಬಂದಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೋಫಾದ ಒಂದು ತುದಿಗೆ ಕೈ ಹಾಕಿದಳು.

"ನೋಡಕೋತ ಏನ್ ನಿಂತ್ರಿ? ಆ ಕಡೆ ಹಿಡೀರಿ."